ದನಕ್ಕೂ ಒಂದು ಕಾಲಂ

ಕುಂದಾಪುರದ ನರ್ಸಿಂಗ್ ಹೋಮೊಂದರಲ್ಲಿ ದನವನ್ನು ಕೇಳಿ ನರ್ಸುಗಳಿಗೆ ಡ್ಯೂಟಿ ಹಾಕಿದ ಹೆಂಗಸು ಯಾರು ಗೊತ್ತೇ? ನನ್ನ ತಂಗಿ! ನಗಬೇಡಿ. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿ ಬರೆದ ನಾನು ಮೊದಲು ನಕ್ಕು, ಆಮೇಲೆ ಬಾಯಿ ಮುಚ್ಚಿಕೊಂಡವಳು.

ಅವಳು ಅಲ್ಲಿ ಹೆಡ್ ನರ್ಸ್. ಅವಳ ಕೈಕೆಳಗೆ ಹನ್ನೊಂದು ಜನ ನರ್ಸುಗಳು, ಆಯಾಗಳು. ಅವಳು ಹಾಕಿದ ಪಾಳಿಯ ಪಟ್ಟಿ ಎರಡು ದಿನ ನಿಂತರೆ ಹೆಚ್ಚು. ಬೆಳಿಗ್ಗೆ ಆರಕ್ಕೆ ಬರಬೇಕಾದವರು ಬರುತ್ತಲೇ ಇರಲಿಲ್ಲ. ಹೊಸದಾಗಿ ಕಂಪ್ಯೂಟರ್ ತರಿಸಿದ್ದ ಡಾಕ್ಟರು ಹೇಳಿಬಿಟ್ಟರು: "ಸಿಸ್ಟರ್, ಬರುವ ತಿಂಗಳೂ ಬೆಳಗಿನ ಪಾಳಿ ಖಾಲಿ ಬಿದ್ದರೆ ಪಟ್ಟಿ ಕಂಪ್ಯೂಟರಿಗೆ!"

ತಂಗಿಗೆ ಅದು ಕೆಲಸದಿಂದ ತೆಗೆದಷ್ಟೇ ಅವಮಾನ. ನಾನು ಬಿಡುತ್ತೇನೆಯೇ? ನಾಲ್ಕು ಬಣ್ಣದಲ್ಲಿ ಗೆರೆ ಎಳೆದು, ಎಲ್ಲರಿಗೂ ಸಮನಾಗಿ ಹಂಚಿ, ಚೌಕಟ್ಟು ಹಾಕಿಸಬಹುದಾದಂಥ ಪಟ್ಟಿ ಮಾಡಿಕೊಟ್ಟೆ. ತಂಗಿ ನೋಡಿದಳು.

"ಚೆಂದ ಇತ್ತ್ ಅಕ್ಕ. ಬಾರ್ಕೂರಿನವಳ್ ಆರ್ ಗಂಟಿಗೆ ಬರ್ಕ್ ಅಂದ್ ಬರ್ದಿದ್ದಿ. ಅವಳ ದನದ ಹತ್ರ ಕೇಂಡ್ಯಾ?"

ಭಾನುವಾರ ಕೊಡೆ ಹಿಡಿದು ಹೊರಟೇಬಿಟ್ಟಳು, ಮನೆಮನೆಗೆ! ಹಿಂದೆ ನಾನು. ಬಾರ್ಕೂರಿನ ಆಯಾ ನಮ್ಮನ್ನು ಕಂಡು ಹೆದರಿದಳು.

"ಅಯ್ಯೋ ಸಿಸ್ಟರ್, ನಾ ಎಂತ ತಪ್ಪ್ ಮಾಡ್ದೆ?"

"ತಪ್ಪಲ್ಲ ಮಾರಾಯ್ತಿ. ನಿನ್ ದನ ಎಷ್ಟ್ ಗಂಟಿಗೆ ಹಾಲ್ ಕೊಡತ್ತ್?"

"ಐದೂವರಿಗೆ. ನಾನೇ ಹಾಲ್ ಕರೀಕ್. ಅವ್ರ್ ಹೋದ್ರೆ ಒದಿತ್ತ್!"

ತಂಗಿ ಗಂಭೀರವಾಗಿ ಬರೆದುಕೊಂಡಳು: 'ದನ. ಐದೂವರೆ. ಗಂಡನಿಗೆ ಒದೆಯುತ್ತದೆ.'

ಮರವಂತೆಯವಳ ಗಂಡನ ದೋಣಿ ದಡಕ್ಕೆ ಬರುವುದು ಬೆಳಿಗ್ಗೆ, ಮೀನು ಮಾರುವವಳು ಇವಳು. ಅವಳಿಗೆ ಮಧ್ಯಾಹ್ನದ ಪಾಳಿ. ಕೋಟದವಳು ತಾನಾಗಿಯೇ ರಾತ್ರಿ ಪಾಳಿ ಕೇಳಿದಳು. ಆಸ್ಪತ್ರೆಯಲ್ಲಿ ಅತ್ತೆಯ ಗೊರಕೆ ಕೇಳುವುದಿಲ್ಲವಂತೆ!

ಹೊಸ ಪಟ್ಟಿಯಲ್ಲಿ ಬೆಳಗಿನ ಪಾಳಿ ಆರರಿಂದ ಎಂಟಕ್ಕೆ ಸರಿದಿತ್ತು. ಪ್ರತಿ ಹೆಸರಿನ ಮುಂದೆ 'ಮನೆಯಲ್ಲಿ ಕಾಯುವವರು' ಎಂಬ ಕಾಲಂ. ಅದರಲ್ಲಿ ದನ, ದೋಣಿ, ಅತ್ತೆ.

"ಸಿಸ್ಟರ್, ಇದು ನರ್ಸುಗಳ ಪಟ್ಟಿಯೋ, ದನಗಳದ್ದೋ?" ಎಂದರು ಡಾಕ್ಟರು.

"ದನ ಒಪ್ಪಿದ್ರೆ ನರ್ಸ್ ಬತ್ತ್ರ್ ಸಾರ್."

ಬಂದರು! ಇಡೀ ತಿಂಗಳು ಒಂದು ಬೆಳಗೂ ಖಾಲಿ ಬೀಳಲಿಲ್ಲ. ಡಾಕ್ಟರು ಕಂಪ್ಯೂಟರಿಗೆ ಬಟ್ಟೆ ಹೊದಿಸಿ, "ಪಟ್ಟಿ ನಿಮ್ಮದೇ" ಎಂದು ಒಪ್ಪಿಸಿದರು.

ಮುಂದಿನ ತಿಂಗಳ ಪಟ್ಟಿಯನ್ನು ನಾನು ತಿದ್ದಲು ಕೂತೆ. ತಪ್ಪು ಹುಡುಕದಿದ್ದರೆ ನನಗೆ ನಿದ್ದೆ ಬಾರದು. ಒಂದು ಸಿಕ್ಕಿತು. ಭಾನುವಾರದ ಪಾಳಿಗಳೆಲ್ಲ ತಂಗಿಯ ಹೆಸರಿಗೇ ಇದ್ದವು. ಅವಳ ಹೆಸರಿನ ಮುಂದೆ ಮಾತ್ರ ಆ ಕಾಲಂ ಖಾಲಿ.

"ಇಲ್ಲೆಂತ ಬರೀಲಿಲ್ಲೆ?"

"ನಂಗೆ ಕಾವವ್ರ್ ಯಾರಿದ್ರ್ ಅಕ್ಕ?" ಎಂದು ನಕ್ಕಳು. ಮದುವೆಯಾಗದವಳು, ಆಸ್ಪತ್ರೆಯ ಹಿಂದಿನ ಕೋಣೆಯಲ್ಲೇ ಇಪ್ಪತ್ತು ವರ್ಷ ಕಳೆದವಳು. ಬ್ರಹ್ಮಾವರದ ನನ್ನ ಮನೆ ಬಸ್ಸಿನಲ್ಲಿ ಎಷ್ಟು ದೂರ? ನಾನೂ ಕರೆದಿರಲಿಲ್ಲ.

ಪೆನ್ನು ತೆಗೆದು ಬರೆದೆ: 'ಅಕ್ಕ. ಭಾನುವಾರ ಒಂದು ಗಂಟೆ. ಊಟ.'

ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಒಂದ್ ಗಂಟಿ ಅಂದ್ರೆ ಒಂದೇ ಗಂಟಿಯಾ?"

"ಒಂದೂ ಐದಕ್ಕೆ ಬಂದ್ರೆ ಬಡ್ಸೂದಿಲ್ಲೆ!"

ಅವಳು ಕನ್ನಡಕ ಒರೆಸಿಕೊಂಡು, ಭಾನುವಾರ ಮಧ್ಯಾಹ್ನ ತನ್ನ ಬದಲಿಗೆ ಯಾರು ನಿಲ್ಲಬಲ್ಲರೆಂದು ಪಟ್ಟಿಯಲ್ಲಿ ಹುಡುಕತೊಡಗಿದಳು.