ಪೈಲ್ವಾನನ ಹರಕೆ

ಹಳಿಯಾಳದ ಬಟ್ಟೆ ಅಂಗಡಿ ಶಿವಲಿಂಗಪ್ಪನ ಕಷ್ಟಕ್ಕೆಲ್ಲ ಕಾರಣ ಒಂದು ಎಲುಬು. ಅದನ್ನು ನುಂಗಿದ್ದು ಅವನಲ್ಲ, ಅವನ ಅತ್ತೆ ಹೊಳೆವ್ವಳ ನಾಯಿ. ಮುಂಡಗೋಡದ ಹತ್ತಿರದ ಹಳ್ಳಿಯಲ್ಲಿ, ಬೆಳ್ಳುಳ್ಳಿ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಮನೆಯಲ್ಲಿ, ರೊಟ್ಟಿ ಮಜ್ಜಿಗೆ ಉಂಡು ಬೆಳೆದ ನಾಯಿ ಅದು. ಒಂದು ದಿನ ಎಲ್ಲಿಯದೋ ಎಲುಬನ್ನು ಕದ್ದು ತಿಂದು ಗಂಟಲಿಗೆ ಸಿಕ್ಕಿಸಿಕೊಂಡಿತು. ಹೊಳೆವ್ವ ಅದನ್ನು ಕೂಸಿನ ಹಾಗೆ ಸೀರೆಯಲ್ಲಿ ಸುತ್ತಿಕೊಂಡು ಮಗಳ ಮನೆಗೆ ಓಡಿ ಬಂದಳು. ನಾಯಿಯ ಹೆಸರು ಪೈಲ್ವಾನ. ಕೋಳಿ ಕಂಡರೆ ಹೊಳೆವ್ವಳ ಸೆರಗಿನೊಳಗೆ ಸೇರಿಕೊಳ್ಳುವ ಪ್ರಾಣಿಗೆ ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ.

ದನದ ಡಾಕ್ಟರು ಇಕ್ಕಳ ಹಾಕಿ ಎಲುಬು ತೆಗೆದರು. ಆದರೆ ಹೊಳೆವ್ವ ಡಾಕ್ಟರ ಇಕ್ಕಳವನ್ನೊಂದೇ ನಂಬಿ ಕೂರುವವಳಲ್ಲ. ದವಾಖಾನೆಯ ಮೆಟ್ಟಿಲ ಮೇಲೆಯೇ ಹರಕೆ ಹೊತ್ತುಬಿಟ್ಟಿದ್ದಳು.

"ಉಳವಿ ಚನ್ನಬಸವಣ್ಣಾ, ನನ್ನ ಪೈಲ್ವಾನನ್ನ ಉಳಿಸಿಕೊಡು. ಅಂವನ್ನ ಹಳಿಯಾಳದಿಂದ ನಾಕೂ ಕಾಲಿಲೆ ನಡಿಸಿ ನಿನ್ನ ಬಾಗಲಿಗೆ ಕಳಸ್ತೇನಿ ಅಂತ ಬೇಡಿಕೊಂಡೇನಿ," ಎಂದು ಪಡಸಾಲೆಯಲ್ಲಿ ಕೂತು ಹೇಳಿದಳು.

"ಕಳಸೂದು ಅಂದ್ರ, ಯಾರ ಜೋಡಿ?" ಎಂದು ಕೇಳಿದವನು ಬಾಜೂ ಮನೆಯ ಅಂದಾನೆಪ್ಪ. ನೌಕರಿಯಿಂದ ನಿವೃತ್ತನಾದ ಮೇಲೆ ಓಣಿಯ ಎಲ್ಲರ ಮನೆಯ ಸಂಸಾರವನ್ನೂ ತಾನೇ ನಡೆಸುತ್ತಿದ್ದ ಮನುಷ್ಯ.

ಹೊಳೆವ್ವ ತನ್ನ ಮೊಣಕಾಲು ಸವರಿಕೊಂಡಳು. ಅವಳ ಮಗಳು, ಅಂದರೆ ಶಿವಲಿಂಗಪ್ಪನ ಹೆಂಡತಿ ದ್ರಾಕ್ಷಾಯಣಿ, ಗಂಡನ ಮುಖ ನೋಡಿದಳು. ಅಂದಾನೆಪ್ಪನೂ ನೋಡಿದ. ಕೊನೆಗೆ ಪೈಲ್ವಾನನೂ ತಲೆ ಎತ್ತಿ ಅವನನ್ನೇ ನೋಡಿತು.

ಶಿವಲಿಂಗಪ್ಪ ಒಪ್ಪಿದ್ದು ಭಕ್ತಿಯಿಂದಲ್ಲ. ಪೈಲ್ವಾನ ಬಂದಂದಿನಿಂದ ಫ್ಯಾನಿನ ಕೆಳಗಿನ ಅವನ ಮಂಚ ಪೈಲ್ವಾನನದಾಗಿತ್ತು. ಮೊದಲ ಬಿಸಿ ರೊಟ್ಟಿ ಪೈಲ್ವಾನನಿಗೆ. ಮಧ್ಯಾಹ್ನ ಅಂಗಡಿಯಿಂದ ಬಂದು ಒಂದು ನಿದ್ದೆ ತೆಗೆಯುವುದು ಅವನ ಬದುಕಿನ ದೊಡ್ಡ ಸುಖ, ಅದೂ ಹೋಗಿತ್ತು. ಹೊಳೆವ್ವ ಕೆಟ್ಟವಳೇನಲ್ಲ. ಆದರೆ ಒಂದು ಮಾತು ಖಡಾಖಂಡಿತ ಹೇಳಿದ್ದಳು: ಹರಕೆ ತೀರದೆ ತಾನಾಗಲಿ ನಾಯಿಯಾಗಲಿ ಈ ಹೊಸ್ತಿಲು ದಾಟಿ ಊರಿಗೆ ಹೋಗುವುದಿಲ್ಲ, ಹರಕೆ ತೀರಿದ ಮರುದಿನವೇ ಮುಂಡಗೋಡದ ಬಸ್ಸು ಹತ್ತುವುದು. ಆ ಬಸ್ಸಿಗಾಗಿ ಶಿವಲಿಂಗಪ್ಪ ಉಳವಿಗೇನು, ಕಾಶಿಗೂ ನಡೆಯಲು ತಯಾರಿದ್ದ.

ಹಳಿಯಾಳದ ಕೋಟೆಯ ಹತ್ತಿರ ಅಂದಾನೆಪ್ಪ ಕಾಯಿ ಒಡೆದು, ನಾಯಿಗೆ ಹಾರ ಹಾಕಿ, ಫೋಟೋ ತೆಗೆದು ಓಣಿಯ ಗ್ರೂಪಿಗೆ ಹಾಕಿದ. ಫೋಟೋದಲ್ಲಿ ಶಿವಲಿಂಗಪ್ಪನ ಒಂದು ಕೈ ಮಾತ್ರ ಬಂದಿತ್ತು. ಮೊದಲ ದಿನ ದಾಂಡೇಲಿ ಮುಟ್ಟಿದರು, ಎರಡನೆಯ ದಿನ ಕಾಡಿನ ದಾರಿ ಹಿಡಿದು ಗುಂದ ಮುಟ್ಟಿದರು. ನಾಯಿ ಕುಣಿಯುತ್ತ ನಡೆಯಿತು, ಶಿವಲಿಂಗಪ್ಪ ಕುಂಟುತ್ತ ನಡೆದ. ಉಳಿದದ್ದು ಇನ್ನು ಒಂದೇ ದಿನ, ಗುಂದದಿಂದ ಉಳವಿ. ನಿಜವಾದ ಫಜೀತಿ ಶುರುವಾದದ್ದು ಅವತ್ತು.

ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವನು ಒಳಗೊಳಗೇ ಖುಷಿಪಟ್ಟಿದ್ದ. ಆದರೆ ಅಂಗಡಿಯ ಗಿರಾಕಿಗಳಿಗೆ ಸಿಗದ ಸಿಗ್ನಲ್ ಅತ್ತೆಗೆ ಮಾತ್ರ ಬರೋಬ್ಬರಿ ಸಿಗುತ್ತಿತ್ತು. ಗುಂದ ಬಿಟ್ಟು ಎರಡು ತಿರುವು ದಾಟುವುದರೊಳಗೆ ವಿಡಿಯೋ ಕಾಲ್ ಬಂತು.

"ಅಳಿಯಾರ, ಪೈಲ್ವಾನನ ಕಾಲು ತೋರಸ್ರಿ."

ಶಿವಲಿಂಗಪ್ಪ ಬಗ್ಗಿ ತೋರಿಸಿದ.

"ಮೂರ ಕಾಣಸ್ತಾವಲ್ರೀ?"

"ನಾಲ್ಕನೇದು ಎತ್ತೈತ್ರಿ ಅತ್ತಿಯಾರ. ಮೈಲಿಗಲ್ಲು ಬಂದೈತಿ."

"ಹಂಗಾರ ಅವಸರ ಮಾಡಬ್ಯಾಡ್ರಿ, ಸಾವಕಾಶ ಹೋಗಲಿ," ಎಂದಳು ಹೊಳೆವ್ವ. ಅಳಿಯನ ಕಾಲಿನ ವಿಚಾರ ಬರಲಿಲ್ಲ.

ಮುಂದೆ ರಸ್ತೆ ಬದಿಗೆ ಒಂದು ಚಹಾದಂಗಡಿ. ಅದರ ಒಡತಿ ಮಾಲವ್ವ ನಾಯಿಯ ಕೊರಳಿನ ಹಾರ ನೋಡಿ ವಿಷಯ ಕೇಳಿದಳು. ಶಿವಲಿಂಗಪ್ಪ ಹೇಳಬಾರದಿತ್ತು, ಹೇಳಿದ. ಉಳವಿಗೆ ನಡೆದು ಹೋಗುವವರಿಗೆ ಉಣಿಸಿ ಕಳಿಸಿದರೆ ಅರ್ಧ ಯಾತ್ರೆಯ ಪುಣ್ಯ ಎಂದು ನಂಬಿದ ದಾರಿ ಅದು. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನ ನಡೆಯುತ್ತಾರೆ. ಆದರೆ ಹರಕೆ ಹೊತ್ತ ನಾಯಿ ಹಿಂದೆಂದೂ ಬಂದಿರಲಿಲ್ಲ.

"ಅಯ್ಯ ನನ್ನಪ್ಪಾ, ನಾಲ್ಕು ಕಾಲಿನ ಶರಣ ಬಂದಾನಲ್ಲ!" ಎಂದು ಮಾಲವ್ವ ಪೈಲ್ವಾನನ ಹಣೆಗೆ ವಿಭೂತಿ ಹಚ್ಚಿ, ತಾಟಿನ ತುಂಬ ಹಾಲು, ಬೆಲ್ಲ ಕಲಸಿದ ಅನ್ನ ಇಟ್ಟಳು. ಪೈಲ್ವಾನ ತಾಟು ನೆಕ್ಕಿ ಹೊಳಪು ಬರಿಸಿತು.

"ನನಗೊಂದ ಚಹಾ ಕೊಡ್ರಿ ಅಕ್ಕಾರ," ಎಂದ ಶಿವಲಿಂಗಪ್ಪ.

"ಹಾಲು ಮುಗೀತ್ರಿ ಅಣ್ಣಾರ. ಇದ್ದದ್ದೆಲ್ಲಾ ಶರಣಗ ಕೊಟ್ನಿ."

ಅಷ್ಟಕ್ಕೇ ಮುಗಿಯಲಿಲ್ಲ. ಮಾಲವ್ವ ಮುಂದಿನ ಊರಿನ ತಂಗಿಗೆ ಫೋನು ಹಚ್ಚಿದಳು. ತಂಗಿ ತನ್ನ ಬೀಗರಿಗೆ ಹಚ್ಚಿದಳು. ಪೈಲ್ವಾನನಿಗಿಂತ ಮುಂದೆ ಅದರ ಸುದ್ದಿ ಓಡಿತು. ಪ್ರತಿ ತಿರುವಿನಲ್ಲಿಯೂ ಯಾರಾದರೂ ತಾಟು ಹಿಡಿದು ನಿಂತೇ ಇರುತ್ತಿದ್ದರು. ಒಬ್ಬರು ಬಾಳೆಹಣ್ಣು, ಒಬ್ಬರು ಹಾಲು, ಒಬ್ಬರು ತುಪ್ಪ ಹಾಕಿದ ಮಾದಲಿ. ಒಬ್ಬ ಮುದುಕ ನಾಯಿಯ ಕಾಲಿಗೆ ಬಿದ್ದು, ಎದ್ದು, "ನೀವು ಯಾರ್ರೀ?" ಎಂದು ಶಿವಲಿಂಗಪ್ಪನನ್ನು ಕೇಳಿದ. ಬೇಡ ಎಂದರೆ ಭಕ್ತರಿಗೆ ಸಿಟ್ಟು. "ನೀವ್ಯಾಕ ನಡುವ ಬರ್ತೀರಿ? ಹರಕಿ ನಿಮ್ದಲ್ಲಲ್ಲ!" ಎಂದು ಒಬ್ಬಳು ಅವನನ್ನು ಗದರಿಸಿಯೂ ಬಿಟ್ಟಳು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪೈಲ್ವಾನನ ಹೊಟ್ಟೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು. ಅದು ಒಂದು ಮರದ ನೆರಳು ನೋಡಿ, ಮೂರು ಸುತ್ತು ಸುತ್ತಿ, ದೊಪ್ಪನೆ ಬಿದ್ದುಕೊಂಡಿತು. ಶಿವಲಿಂಗಪ್ಪ ಹಗ್ಗ ಜಗ್ಗಿದ. ಹೊಗಳಿದ. ಬೈದ. ಕೈ ಮುಗಿದ. ಪೈಲ್ವಾನ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

ಆಗಲೇ ಕಾಲ್ ಬಂತು.

"ಯಾಕ್ರೀ, ಮಲಗೈತಿ?"

"ಇಲ್ರೀ ಅತ್ತಿಯಾರ, ಧ್ಯಾನಕ್ಕ ಕುಂತೈತಿ."

"ಪುಣ್ಯಾತ್ಮ! ಎಬ್ಬಸಬ್ಯಾಡ್ರಿ. ತಾನಾಗಿ ಏಳಲಿ," ಎಂದು ಹೊಳೆವ್ವ ಕಣ್ಣೊರೆಸಿಕೊಂಡಳು.

ಅದು ತಾನಾಗಿ ಏಳಲೆಂದು ಕಾದರೆ ಕತ್ತಲಾಗುತ್ತಿತ್ತು. ಸಂಜೆಯೊಳಗೆ ಉಳವಿ ಮುಟ್ಟದಿದ್ದರೆ ಕಾಡಿನಲ್ಲಿ ರಾತ್ರಿ, ರಾತ್ರಿಯೆಂದರೆ ಇನ್ನೊಂದು ದಿನ, ಇನ್ನೊಂದು ದಿನವೆಂದರೆ ಇನ್ನಷ್ಟು ತಾಟು. ಶಿವಲಿಂಗಪ್ಪನಿಗೆ ಅಳು ಬಂದಂತಾಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಖಾಲಿ ಟೆಂಪೋ ಬಂತು. ನಡೆಸುತ್ತಿದ್ದವನು ದಾಂಡೇಲಿಯ ವಜೀರ. ಹುಬ್ಬಳ್ಳಿಯಿಂದ ಶಿವಲಿಂಗಪ್ಪನ ಅಂಗಡಿಗೆ ಬಟ್ಟೆಯ ಗಂಟು ತರುತ್ತಿದ್ದವನೇ. ಉಳವಿಯಲ್ಲಿ ಮದುವೆಯೊಂದು ಮುಗಿದಿತ್ತು, ಬಾಡಿಗೆ ಕುರ್ಚಿಗಳನ್ನು ತರಲು ಹೊರಟಿದ್ದ.

"ವಜೀರಭಾಯಿ, ದೇವರು ಕಳಿಸಿದಂಗ ಬಂದಿ! ನಮ್ಮನ್ನ ಹತ್ತಿಸ್ಕೊ."

ವಜೀರ ಸಂಗತಿಯೆಲ್ಲ ಕೇಳಿ ಕಿವಿ ಮುಟ್ಟಿಕೊಂಡ. "ತೋಬಾ ತೋಬಾ. ನಡದು ಬರ್ತೇನಿ ಅಂತ ಮನ್ನತ್ ಮಾಡಿ ಗಾಡ್ಯಾಗ ಕುಂದ್ರೂದ? ನಮ್ಮ ದರ್ಗಾಕ್ಕೂ ಇದು ನಡ್ಯಂಗಿಲ್ಲ ಶಿವಲಿಂಗಣ್ಣ. ನಿಮ್ಮ ಪಾಪದಾಗ ನನ್ನ ಗಾಡಿ ಯಾಕ?"

"ಕುಂದ್ರಸಂಗಿಲ್ಲೋ ಮಾರಾಯಾ! ನಡಸ್ತೇನಿ."

"ಎಲ್ಲಿ?"

"ಗಾಡ್ಯಾಗ. ನೀ ಮುಂದ ಹೊಡೀತಿರು, ನಾವು ಹಿಂದ ಡಬ್ಬಿ ಒಳಗ ನಡ್ಕೊಂತ ಬರ್ತೇವಿ. ನಾಕೂ ಕಾಲಿಲೆ ನಡದು ಬರ್ಬೇಕು ಅಂತ ಐತಿ. ಯಾವುದರ ಮ್ಯಾಲ ಅಂತ ಅತ್ತಿ ಹೇಳಿಲ್ಲ."

ವಜೀರ ಇಳಿದು ಹಿಂದಿನ ಬಾಗಿಲು ತೆಗೆದ. "ನಿಮ್ಮ ದೇವ್ರು, ನಿಮ್ಮ ಲೆಕ್ಕ. ಹತ್ರಿ," ಎಂದ.

ಪೈಲ್ವಾನನನ್ನು ಹೊತ್ತು ಹತ್ತಿಸಿದ್ದಾಯಿತು. ಒಳಗೆ ಹೋದದ್ದೇ ಅದು ಮತ್ತೆ ಧ್ಯಾನಕ್ಕೆ ಕುಳಿತಿತು. ನಡೆಸುವುದು ಹೇಗೆಂದು ಶಿವಲಿಂಗಪ್ಪ ತಲೆ ಕೆರೆದುಕೊಳ್ಳುತ್ತಿರುವಾಗ ಟೆಂಪೋ ಒಂದು ತಗ್ಗಿನಲ್ಲಿ ಹಾರಿತು. ಮೂಲೆಯಲ್ಲಿದ್ದ ಬುಟ್ಟಿ ಮಗುಚಿತು. ಅದರಿಂದ, ವಜೀರ ಮನೆಗೆಂದು ದಾರಿಯಲ್ಲಿ ಕೊಂಡಿದ್ದ ಒಂದು ಕೋಳಿ ಗಂಭೀರವಾಗಿ ಹೊರಗೆ ಬಂತು.

ಪೈಲ್ವಾನ ಎದ್ದಿತು. ಕೋಳಿ ಎಡಕ್ಕೆ ಬಂದರೆ ಅದು ಬಲಕ್ಕೆ, ಕೋಳಿ ಹಿಂದೆ ಬಂದರೆ ಅದು ಮುಂದಕ್ಕೆ. ಟೆಂಪೋ ಉಳವಿಯ ಕಡೆಗೆ ಓಡುತ್ತಿದ್ದರೆ ಅದರೊಳಗೆ ನಾಯಿ ಪ್ರದಕ್ಷಿಣೆ ಹಾಕುತ್ತಿತ್ತು, ನಾಯಿಯ ಹಿಂದೆ ಕೋಳಿ. ಸುಳ್ಳು ಪೂರಾ ಸುಳ್ಳಾಗಬಾರದೆಂದು ಕೋಳಿಯ ಹಿಂದೆ ಶಿವಲಿಂಗಪ್ಪನೂ ಸರಳು ಹಿಡಿದುಕೊಂಡು ಸುತ್ತುತ್ತಿದ್ದ. "ನಡದೈತಿ ನೋಡೋ ವಜೀರಾ, ನಡದೈತಿ!" ಎಂದು ಅವನು ಕೂಗಿದ್ದಕ್ಕೆ ವಜೀರ ಮುಂದಿನಿಂದ, "ನನ್ನ ಕೋಳಿಗೂ ಪುಣ್ಯ ಬರ್ತೈತೇನ್ರಿ?" ಎಂದ.

ಆ ಹೊತ್ತಿಗೆ ಮತ್ತೆ ಹೊಳೆವ್ವಳ ವಿಡಿಯೋ ಕಾಲ್. ಶಿವಲಿಂಗಪ್ಪ ಕತ್ತರಿಸಿದ. ಮತ್ತೆ ಬಂತು, ಮತ್ತೆ ಕತ್ತರಿಸಿದ. ಮೂರನೆಯ ಸಲಕ್ಕೆ ಫೋನನ್ನೇ ಬಂದ್ ಮಾಡಿ ಕಿಸೆಗೆ ಹಾಕಿಕೊಂಡ. ಕಾಡಿನಲ್ಲಿ ಫೋನು ಹತ್ತದಿರುವುದು ದೊಡ್ಡ ಸುದ್ದಿಯೇನಲ್ಲ ಎಂದುಕೊಂಡ.

ಉಳವಿ ಇನ್ನೇನು ಬಂತು ಎನ್ನುವಾಗ ಇಳಿದರು. ಕೋಳಿಯಿಂದ ಪಾರಾದ ಸಂತೋಷಕ್ಕೆ ಪೈಲ್ವಾನ ಬಾಣದಂತೆ ಓಡಿತು. ಗುಡಿಯ ಹೊರಗೆ ನಿಂತು ಬಾಲ ಅಲ್ಲಾಡಿಸಿತು. ಶಿವಲಿಂಗಪ್ಪ ಅಡ್ಡಬಿದ್ದು, "ಅಪ್ಪಾ, ಸ್ವಲ್ಪ ಹೆಚ್ಚು ಕಡಿಮಿ ಆಗಿದ್ದರ ಹೊಟ್ಟ್ಯಾಗ ಹಾಕ್ಕೊ," ಎಂದು ಬೇಡಿಕೊಂಡ. ಎದ್ದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ನಾಳೆಯೇ ಮುಂಡಗೋಡದ ಬಸ್ಸು! ಕಣ್ಣ ಮುಂದೆ ಫ್ಯಾನು ತಿರುಗತೊಡಗಿತು. ವಜೀರನ ಟೆಂಪೋದಲ್ಲಿ ಕುರ್ಚಿಗಳ ನಡುವೆ ತಿರುಗಿ ಹೋಗುವುದೆಂದು ಗೊತ್ತುಮಾಡಿಕೊಂಡು, ಸಿಹಿ ಸುದ್ದಿ ಹೇಳಲು ಫೋನು ಚಾಲೂ ಮಾಡಿದ.

ಫೋನು ಎತ್ತಿದ ದ್ರಾಕ್ಷಾಯಣಿ ಗೊಳೋ ಎಂದು ಅತ್ತಳು. "ಜೀವಂತ ಅದೀರೇನ್ರೀ? ಮುಂಜಾನಿಂದ ಹತ್ತಾಕತ್ತಿದ್ದ ಫೋನು ಒಮ್ಮಿಗಲೇ ಬಂದ್! ಅಂದಾನೆಪ್ಪ ಕಾಕಾ ಬಂದು, ಆ ದಾರ್‍ಯಾಗ ಚಿರತಿ ಭಾಳ, ಮೊದಲ ನಾಯಿ ಒಯ್ತಾವು, ಆಮ್ಯಾಲ ಹಗ್ಗ ಹಿಡದಾಂವನ್ನ ಅಂತ ಹೇಳಿದ್ರು. ಅವ್ವಗ ಚಕ್ಕರ ಬಂದಿತ್ತು."

ಶಿವಲಿಂಗಪ್ಪನಿಗೆ ನಿಜವಾಗಿಯೂ ಕೆಡುಕೆನಿಸಿತು. ಹೊಳೆವ್ವ ಮಗಳ ಕೈಯಿಂದ ಫೋನು ಕಸಿದುಕೊಂಡಳು.

"ಅಳಿಯಾರ! ನನ್ನ ಬಂಗಾರದಂಥಾ ಅಳಿಯಾರ! ಚನ್ನಬಸವಣ್ಣ ನನ್ನ ಕೂಗು ಕೇಳಿದ. ದೇವರ ಜಗಲಿ ಮುಂದ ಸೆರಗೊಡ್ಡಿ ಬೇಡ್ಕೊಂಡ್ನಿ ನೋಡ್ರಿ, ಐದು ನಿಮಿಷ ಆಗಿಲ್ಲ, ನಿಮ್ಮ ಫೋನು ಬಂತು!"

"ಏನಂತ ಬೇಡ್ಕೊಂಡ್ರಿ ಅತ್ತಿಯಾರ?" ಎಂದ ಶಿವಲಿಂಗಪ್ಪ.

"ಇಬ್ಬರನೂ ಉಳಿಸಿಕೊಡು, ಇಬ್ಬರನೂ ಮತ್ತ ನಿನ್ನ ಬಾಗಲಿಗೆ ನಡಿಸಿ ಕಳಸ್ತೇನಿ ಅಂತ. ಈ ಸಲ ನಮ್ಮ ಮುಂಡಗೋಡದಿಂದ."

ಚಿರತೆಯೂ ಇರಲಿಲ್ಲ, ಏನೂ ಇರಲಿಲ್ಲ, ನಾವು ಟೆಂಪೋದಲ್ಲಿ ಆರಾಮಾಗಿ ಇದ್ದೆವು ಎಂದು ಹೇಳಲು ಅವನು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ನಿಂತಿತು. ಅದನ್ನು ಹೇಳಿದರೆ ಮೊದಲಿನ ಹರಕೆಯೂ ತೀರಿದಂತಾಗುವುದಿಲ್ಲ. ಹಳಿಯಾಳದಿಂದ ಒಮ್ಮೆ, ಮುಂಡಗೋಡದಿಂದ ಒಮ್ಮೆ, ಎರಡೆರಡು ಸಲ ನಡೆಯಬೇಕು. ಹೇಳದಿದ್ದರೆ ಒಂದೇ ಸಲ. ವ್ಯಾಪಾರಿಯಾದ ಶಿವಲಿಂಗಪ್ಪ ಬಾಯಿ ಮುಚ್ಚಿದ.

"ಹೂಂ ಅತ್ತಿಯಾರ," ಎಂದ. "ಹಂಗಾರ ಬಂದ ಮ್ಯಾಲ ಎರಡ ದಿನದಾಗ ಹೊರಟ ಬಿಡ್ತೇವಿ. ಅದೊಂದ ಮುಗದ ಹೋಗಲಿ."

"ಛೇ ಛೇ, ನಾ ಅಷ್ಟು ಕಟುಕಳಲ್ರಿ! ನಿಮ್ಮ ಕಾಲು ಎಷ್ಟು ನೊಂದಿರಬೇಕು ಪಾಪ," ಎಂದಳು ಹೊಳೆವ್ವ, ಮೊದಲ ಬಾರಿಗೆ ಅವನ ಕಾಲನ್ನು ನೆನೆಸಿಕೊಂಡು. "ಬಿಸಿಲು ಇಳೀಲಿ, ಮಳಿಗಾಲ ಮುಗೀಲಿ, ದೀಪಾವಳಿ ಆದಮ್ಯಾಲ ಹೋಗೂವಂತ್ರಿ. ಅಲ್ಲೀತನಕ ನಾನೂ ಪೈಲ್ವಾನನೂ ನಿಮ್ಮನ್ಯಾಗ ಇರ್ತೇವಿ."