ಸೆಕೆಂಡ್ ಹ್ಯಾಂಡ್ ಸೋಫಾ

ಬಾಡಿಗೆದಾರರ ಮನೆಗೆ ಹೊಸ ಸಾಮಾನು ಬಂದರೆ ಮಹಡಿಯ ಮೇಲಿನ ಓನರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಬಾಡಿಗೆ ಏರಿಸಿದ ಮೇಲೆಯೇ ಅದು ಇಳಿಯುತ್ತಿತ್ತು. ಫ್ರಿಜ್ ಬಂದಾಗ ಏರಿಸಿದ್ದರು, ವಾಷಿಂಗ್ ಮೆಷಿನ್ ಬಂದಾಗ ಮತ್ತೆ ಏರಿಸಿದ್ದರು. ಆದ್ದರಿಂದ, ಹೆಂಡತಿ ಮದುವೆಯಾದಾಗಿನಿಂದ ಆಸೆಪಟ್ಟಿದ್ದ ಸೋಫಾ ಭಾನುವಾರ ಬೆಳಿಗ್ಗೆ ಮನೆಗೆ ಬಂದಾಗ, ಕೆಳಗಿನ ಮನೆಯ ಗುಮಾಸ್ತ ಮೊದಲು ಅದರ ಪ್ಲಾಸ್ಟಿಕ್ ಕವರ್ ಕಿತ್ತು ಬಚ್ಚಿಟ್ಟ. ಹೆಂಡತಿ ಸೋಫಾ ತೋರಿಸಲೆಂದು ತನ್ನಕ್ಕನನ್ನು ಕರೆತರಲು ಓಡಿದ್ದಳು.

"ಏನ್ರೀ, ಹೊಸ ಸೋಫಾ!" ಓನರು ಮೆಟ್ಟಿಲಿಳಿದು ಬಂದೇಬಿಟ್ಟರು.

"ಹೊಸದೆಲ್ಲಿ ಬಂತು ಸಾರ್! ಸೆಕೆಂಡ್ ಹ್ಯಾಂಡ್."

ಓನರು ಕೂತು ಎರಡು ಸಲ ಕುಪ್ಪಳಿಸಿದರು. "ನೋಡಿದ್ರೇ ಗೊತ್ತಾಗತ್ತೆ. ಸ್ಪ್ರಿಂಗ್ ಸತ್ತಿದೆ," ಎಂದು ನೆಮ್ಮದಿಯಿಂದ ಮೇಲೆ ಹೋದರು. ಗುಮಾಸ್ತನಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಹೆಮ್ಮೆಯಾಯಿತು.

ಆದರೆ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ಸೋಫಾ ಮೂಸಿ, "ಯಾರೋ ಕಾಯಿಲೆಯವರು ಮಲಗಿದ್ರು ಅನ್ಸತ್ತಪ್ಪ," ಎಂದರು. ಪಕ್ಕದ ಮನೆಯ ಟೈಲರಮ್ಮ ಕತ್ತರಿ, ಸೀಮೆಎಣ್ಣೆ ಡಬ್ಬ ಹಿಡಿದೇ ಬಂದಳು.

"ಸೆಕೆಂಡ್ ಹ್ಯಾಂಡ್ ಅಂದ್ಮೇಲೆ ತಿಗಣೆ ಗ್ಯಾರಂಟಿ. ನೀವು ಸುಮ್ನಿರಿ ಅಣ್ಣ, ನಾನಿದ್ದೀನಿ."

ಕತ್ತರಿ ಮೊದಲ ಹೊಲಿಗೆಗೆ ತಾಗಿದಾಗ 'ಅಯ್ಯೋ, ಹೊಸದು!' ಎಂಬ ಮಾತು ಗುಮಾಸ್ತನ ಗಂಟಲವರೆಗೆ ಬಂತು. ಮೇಲೆ ಓನರ ಕಿಟಕಿ ತೆರೆದಿತ್ತು. ಮಾತನ್ನು ಮಾತ್ರೆಯಂತೆ ನುಂಗಿಕೊಂಡ. ನೋಡನೋಡುತ್ತಿದ್ದಂತೆ ಟೈಲರಮ್ಮ ಸೋಫಾದ ಹೊಟ್ಟೆ ಬಗೆದಳು, ಹತ್ತಿ ಹೊರಬಂತು, ಸೀಮೆಎಣ್ಣೆ ಡಬ್ಬ ಖಾಲಿಯಾಯಿತು. ಒಂದು ತಿಗಣೆಯೂ ಸಿಗಲಿಲ್ಲ.

"ಒಳಗೆಲ್ಲೋ ಅಡಗಿವೆ," ಎಂದಳು ಟೈಲರಮ್ಮ.

ಸೀಮೆಎಣ್ಣೆಯ ವಾಸನೆಗೆ ಓನರು ಮತ್ತೆ ಇಳಿದು ಬಂದರು. "ನನ್ನ ಕಟ್ಟಡದಲ್ಲಿ ತಿಗಣೇನಾ? ಸಂಜೆಯೊಳಗೆ ಈ ಸೋಫಾ ಹೊರಗೆ ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು!"

ಅಷ್ಟರಲ್ಲಿ ಅಕ್ಕನ ಜೊತೆ ಬಂದ ಹೆಂಡತಿ ಸೋಫಾ ನೋಡಿ ಬಾಗಿಲಲ್ಲೇ ಕುಸಿದಳು. "ಯಾವ ಪಾಪಿ ಹೀಗ್ ಮಾಡಿದ್ದು? ಅಂಗಡಿಯಿಂದ ಈಗಷ್ಟೇ ಬಂದದ್ದು ಕಣ್ರೀ, ಬ್ರ್ಯಾಂಡ್ ನ್ಯೂ!"

ಟೈಲರಮ್ಮ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಮಾಡಿಕೊಂಡಳು. ಓನರ ಮುಖ ಮಾತ್ರ ಅರಳಿತು.

"ಓಹೋ, ಹೊಸದಾ! ಹಾಗಾದ್ರೆ ಧಾರಾಳವಾಗಿ ಇಲ್ಲೇ ಇರ್ಲಿ. ಬರೋ ತಿಂಗಳಿಂದ ಬಾಡಿಗೆ ಸ್ವಲ್ಪ ಏರಿಸೋಣ."

"ಸಾರ್, ಅದರ ಗತಿ ನೋಡಿ! ಇದನ್ನ ಯಾರಾದ್ರೂ ಹೊಸದು ಅಂತಾರಾ?" ಗುಮಾಸ್ತ ಅಳುವುದೊಂದು ಬಾಕಿ.

"ಒಳಗೆ ಬಂದಾಗ ಹೊಸದಿತ್ತಲ್ಲ? ನನ್ನ ಲೆಕ್ಕ ಬಾಗಿಲವರೆಗೆ ಮಾತ್ರ. ಆಮೇಲೆ ಅದಕ್ಕೇನಾಯ್ತು ಅನ್ನೋದು ನಿಮ್ಮ ಸಂಸಾರದ ವಿಷಯ. ನಾನ್ಯಾಕೆ ತಲೆ ಹಾಕ್ಲಿ?"