ತಲಾ ನಲವತ್ತು ಸೆಕೆಂಡಿನ ಪ್ರಾರ್ಥನೆ

ಕಳೆದ ನಗರಸಭೆ ಚುನಾವಣೆಯ ನೀತಿ ಸಂಹಿತೆ ಜಾರಿಯಲ್ಲಿದ್ದ ಅವಧಿಯಲ್ಲಿ, ಶುರುವಿನ ಕೆಲವು ಭಾನುವಾರ ಬಿಟ್ಟರೆ, ಬೀದರಿನ ಮೈಲೂರ ಬಡಾವಣೆಯ ನಮ್ಮ ಚರ್ಚಿನಿಂದ ದೇವರಿಗೆ ಹೋದ ಪ್ರತಿಯೊಂದು ಪ್ರಾರ್ಥನೆಯೂ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆದಿತ್ತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಾನು ಈ ಚರ್ಚಿನ ಕಾರ್ಯದರ್ಶಿ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಭಾಲ್ಕಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಸುತ್ತೋಲೆಯನ್ನು ಎರಡು ಸಲ ಓದದೆ ಕಡತಕ್ಕೆ ಸೇರಿಸಿದವನಲ್ಲ.

ಮೊದಲಿಗೆ ನಡೆದದ್ದು ಬರೀ ಮರ್ಯಾದೆಯ ವಿಷಯ. ನಮ್ಮ ವಾರ್ಡಿನಿಂದ ಇಬ್ಬರು ನಿಲ್ಲುವವರಿದ್ದರು: ಸಿಮೆಂಟ್ ಅಂಗಡಿಯ ಕೈಲಾಶ, ಟೈರ್ ಅಂಗಡಿಯ ಬದ್ರೋದ್ದೀನ. ಒಂದು ಭಾನುವಾರ ಕೈಲಾಶ ಅವರು ಚಪ್ಪಲಿ ಹೊರಗೆ ಬಿಟ್ಟು ಬಂದು ಮೊದಲ ಬೆಂಚಿನಲ್ಲಿ ಕುಳಿತರು. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವ ಊರು ನಮ್ಮದಲ್ಲ. ಚರ್ಚಿಗೆ ಬಂದವರಿಗೆ ಪ್ರಾರ್ಥನೆ ಮಾಡದೆ ಕಳಿಸುವುದು ಹೇಗೆ? ಕೈಲಾಶ ಅವರ ತಲೆಯ ಮೇಲೆ ಕೈಯಿಟ್ಟು ಪಾಸ್ಟರ್ "ಈ ಸಹೋದರರಿಗೆ ಒಳ್ಳೆಯದಾಗಲಿ" ಎಂದರು. ಎಲ್ಲರೂ ಆಮೆನ್ ಎಂದರು.

ಮರುದಿನವೇ ಬದ್ರೋದ್ದೀನ ಅವರ ಏಜೆಂಟ್ ಮಕ್ಬೂಲ ಚುನಾವಣಾ ಕಚೇರಿಗೆ ದೂರು ಕೊಟ್ಟರು. ಎದುರಾಳಿಯ ಪರವಾಗಿ ಇನ್ನೂರ ಹನ್ನೆರಡು ಆಮೆನ್‌ಗಳು ಬಿದ್ದಿವೆ, ಇವು ಮತಗಳ ಸ್ವರೂಪದಲ್ಲಿವೆ ಎಂಬುದು ದೂರು. ನಾವು ಗಾಬರಿಯಾದೆವು. ಭೇದಭಾವ ಬೇಡವೆಂದು ಮುಂದಿನ ಭಾನುವಾರ ಬದ್ರೋದ್ದೀನ ಅವರನ್ನೂ ಕರೆದು ಅವರಿಗೂ ಪ್ರಾರ್ಥನೆ ಮಾಡಿದೆವು. ಅದು ಒಂದು ನಿಮಿಷ ಐವತ್ತು ಸೆಕೆಂಡು ನಡೆಯಿತು. ತಮ್ಮದು ಬರೀ ಒಂದು ನಿಮಿಷ ಹತ್ತು ಸೆಕೆಂಡು ಆಗಿತ್ತೆಂದು ಕೈಲಾಶ ಅವರು ಮೊಬೈಲ್ ವಿಡಿಯೋ ಸಮೇತ ಮರುದೂರು ಕೊಟ್ಟರು.

ಇಷ್ಟರಲ್ಲಿ ಚರ್ಚಿನ ಒಳಗೂ ಎರಡು ಪಾರ್ಟಿ ಆಗಿದ್ದವು. ಆರಾಧನೆ ಮುಗಿದ ಮೇಲೆ ಚಹಾ ಕುಡಿಯುವಾಗ ಬಾಯಿಗೆ ಬಂದದ್ದು ಆಡುತ್ತಿದ್ದರು. ಕ್ರೈಸ್ತರು ಹೀಗೆ ಮಾತಾಡಬಾರದೆಂದು ಸಮಿತಿ ಠರಾವು ಪಾಸು ಮಾಡಿತು. ಅದರ ಪ್ರಕಾರ ರಾಜಕೀಯದ ಯಾವುದೇ ಬೈಗುಳಕ್ಕೆ ಮೊದಲು "ಪ್ರೀತಿಯಿಂದ ಹೇಳ್ತೇನಿ" ಎಂಬ ಮಾತು ಕಡ್ಡಾಯ. ಠರಾವು ಬಹಳ ಚೆನ್ನಾಗಿ ಪಾಲನೆಯಾಯಿತು. "ಪ್ರೀತಿಯಿಂದ ಹೇಳ್ತೇನಿ, ನೀವು ನಂಬರ್ ಒನ್ ಸುಳ್ಳ ಮನಷ್ಯಾ ಇದ್ದೀರಿ" ಎಂದು ನಮ್ಮ ಖಜಾಂಚಿಗೆ ಅವರ ಸ್ವಂತ ಷಡ್ಡಕರೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಮುಂದಿನ ವಾರ ಸೋಮವಾರ ಆದೇಶ ಬಂತು. ಎರಡು ದೂರುಗಳ ಸಲುವಾಗಿ "ಪ್ರಾರ್ಥನಾ ಸಮತೋಲನ ಕೋಶ" ಎಂಬ ಹೊಸ ಕೋಶವೊಂದು ಹುಟ್ಟಿತ್ತು. ಔರಾದದ ಪಶು ಆಸ್ಪತ್ರೆಯ ವೈದ್ಯ ಅಬ್ದುಲ ವಾಹೀದ ಅವರನ್ನು ನಿಯೋಜನೆಯ ಮೇಲೆ ನಮ್ಮ ಚರ್ಚಿನ ವೀಕ್ಷಕರನ್ನಾಗಿ ನೇಮಿಸಿದ್ದರು. ಎಮ್ಮೆ ಗಣತಿಯಲ್ಲಿ ಅವರು ತೋರಿಸಿದ ನಿಷ್ಪಕ್ಷಪಾತವೇ ಇದಕ್ಕೆ ಕಾರಣವೆಂದು ಆದೇಶದಲ್ಲೇ ಬರೆದಿತ್ತು. ಅವರು ಒಂದು ಸ್ಟಾಪ್‌ವಾಚು ಮತ್ತು ದನ ಎಣಿಸಲು ಬಳಸುವ ಗುಂಡಿ ಯಂತ್ರದೊಂದಿಗೆ ಬಂದರು. ಯಂತ್ರ ಆಮೆನ್ ಎಣಿಸಲಿಕ್ಕೆ.

ಆದೇಶದ ಸಾರ ಹೀಗಿತ್ತು. ಪ್ರಾರ್ಥನೆಯಲ್ಲಿ ವ್ಯಕ್ತಿಯ ಹೆಸರು ಹೇಳುವುದು ಪ್ರಚಾರವಾದ್ದರಿಂದ ಯಾರ ಹೆಸರನ್ನೂ ಹೇಳತಕ್ಕದ್ದಲ್ಲ. ನಾಮಪತ್ರ ಅಂಗೀಕಾರವಾದ ಉಮೇದ್ವಾರರಿಗೆ ಮಾತ್ರ ಇದರಿಂದ ವಿನಾಯಿತಿ ಇದ್ದು, ಅವರಿಗೆ ತಲಾ ನಲವತ್ತು ಸೆಕೆಂಡು ಪ್ರಾರ್ಥಿಸಬಹುದು. ಎಲ್ಲ ಉಮೇದ್ವಾರರಿಗೂ ಅಕ್ಷರಶಃ ಒಂದೇ ಪಠ್ಯ ಇರತಕ್ಕದ್ದು, ಅದನ್ನು ಶನಿವಾರದೊಳಗೆ ಮಂಜೂರು ಮಾಡಿಸಿಕೊಳ್ಳತಕ್ಕದ್ದು. ಆಮೆನ್ ಒಂದೇ ಸಲ, ಕುಳಿತುಕೊಂಡು.

ನಾನು ಆದೇಶ ಪಾಲನೆಯಲ್ಲಿ ಒಂದು ಹೆಜ್ಜೆ ಮುಂದೆಯೇ ಹೋದೆ. ಚಿಹ್ನೆ ಹಂಚಿಕೆ ಶನಿವಾರವಿದ್ದರೂ, ತಮಗೆ ಏಣಿಯೇ ಸಿಗುತ್ತದೆಂದು ಕೈಲಾಶ ಅವರು ಆಗಲೇ ಗೋಡೆ ಬರೆಸಿದ್ದರು. ಅದಕ್ಕೆ ಗಂಟೆ ಗೋಪುರದ ಏಣಿಗೆ ಗೋಣಿತಟ್ಟು ಸುತ್ತಿಸಿದೆ. ಬದ್ರೋದ್ದೀನ ಅವರದು ಕಂದೀಲು. ಬೆಳಕಿನ ಬಗ್ಗೆ ಇದ್ದ ಮೂರು ಹಾಡುಗಳನ್ನು ಕೈಬಿಟ್ಟೆವು.

ಮಂಗಳವಾರ ಬೆಳಿಗ್ಗೆ ಕೌಸಲ್ಯಾಬಾಯಿ ಬಂದರು. ಅವರ ಗಂಡ ಕಾಶೀರಾಮ ಇಪ್ಪತ್ತೆಂಟು ವರ್ಷ ಜನವಾಡ ಮಾರ್ಗವಾಗಿ ಔರಾದಕ್ಕೆ ಬಸ್ಸು ಓಡಿಸಿದವರು. ಅರ್ಧ ಊರು ಅವರ ಬಸ್ಸಿನಲ್ಲಿ ಕೂತು ಮದುವೆಗೂ ಮಣ್ಣಿಗೂ ಹೋಗಿ ಬಂದಿದೆ. ಈಗ ಎದೆನೋವೆಂದು ಆಸ್ಪತ್ರೆಯಲ್ಲಿದ್ದರು.

"ಸೆಕ್ರೆಟರಿ ಅಣ್ಣಾ, ಸೋಮಾರ ಮುಂಜಾನಿ ಅವರ ಎದಿ ಆಪರೇಷನ್ ಅದರಿ. ಐತಾರ ಚರ್ಚಿನ್ಯಾಗ ಅವರ ಹೆಸರ ತಗೊಂಡು ಪ್ರಾರ್ಥನಿ ಮಾಡಸ್ರಿ."

"ಹೆಸರ ತಗೋಳಾಕ ಬರಂಗಿಲ್ಲಕ್ಕಾ. ನೀತಿ ಸಂಹಿತೆ ಅದ."

"ಹೆಸರಿಲ್ಲದ ಹ್ಯಾಂಗರಿ ಮತ್ತ?"

"ಸುಮ್ಮ ರೋಗಿಗಳಿಗಿ ಛಲೋ ಆಗ್ಲಿ ಅಂತ ಮಾಡೋಣು. ಯಾರಂತ ದೇವ್ರಿಗಿ ಗೊತ್ತದಲ್ಲರಿ."

"ದೇವ್ರಿಗಿ ಗೊತ್ತದರಿ. ಅವರಿಗಿ ಗೊತ್ತಾಗಬೇಕಲ್ರಿ," ಎಂದರು ಕೌಸಲ್ಯಾಬಾಯಿ. "ಇಷ್ಟ ವರ್ಷ ಗಾಡಿ ಹೊಡದ್ರೂ ಎಂದೂ ಅಂಜಿದ ಮನಷ್ಯಾ ಅಲ್ಲ. ಈಗ ಮಲಕೊಂಡು ಅದೇ ಕೇಳ್ತಾರ, ಚರ್ಚಿನ್ಯಾಗ ಎಲ್ಲಾರೂ ನನ್ನ ಹೆಸರ ತಗೋತಾರಲ್ಲಾ ಅಂತ. ನಾ ಏನ್ ಹೇಳ್ಲಿ?"

ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಯಿಂದಲೇ ಸುತ್ತೋಲೆಯ ಮೂರನೇ ಪುಟ ತೆಗೆದು ತೋರಿಸಿದೆ.

ಅವರು ನನ್ನನ್ನು ಬಿಟ್ಟು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ವಾಹೀದ ಸಾಹೇಬರ ಬಳಿಗೆ ಹೋದರು. ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಹಾಕಿ, ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಅಮ್ಮಾ, ಕಾನೂನ್ ಪ್ರಕಾರ ಒಂದೇ ರಸ್ತಾ ಅದರಿ. ನಿಮ್ಮ ಯಜಮಾನ್ರು ಉಮೇದ್ವಾರ ಆಗಬೇಕು. ನಾಳಿ ಮೂರ ಗಂಟಿ ತನಕ ಟೈಮ್ ಅದ."

ಅವರು ತಮಾಷೆ ಮಾಡುತ್ತಿರಲಿಲ್ಲ. ತಮಾಷೆ ಅವರಿಗೆ ಬರುವುದೂ ಇಲ್ಲ. ಕೌಸಲ್ಯಾಬಾಯಿ ಕೂಡ ನಗಲಿಲ್ಲ. ಫಾರ್ಮು ಎಲ್ಲಿ ಸಿಗುತ್ತದೆಂದು ಕೇಳಿ, ಸಂಜೆಯೊಳಗೆ ತಂದು ನನ್ನ ಮುಂದಿಟ್ಟರು. ಸೂಚಕರ ಸಹಿ ಬೇಕಾಗಿತ್ತು.

"ಕಾರ್ಯದರ್ಶಿ ಆದವ ತಟಸ್ಥ ಇರಬೇಕಲ್ಲಕ್ಕಾ," ಎಂದೆ.

ಅವರು ಠರಾವನ್ನು ಮರೆಯಲಿಲ್ಲ. "ಪ್ರೀತಿಯಿಂದ ಹೇಳ್ತೇನಿ ಅಣ್ಣಾ," ಎಂದರು, ಮುಂದೆ ಏನೂ ಹೇಳದೆ ಫಾರ್ಮು ಮಡಚಿಕೊಂಡು ಹೋದರು. ಕೊನೆಗೆ ಅವರ ಗಲ್ಲಿಯ ಆಟೋ ಹಬೀಬ ಸೀಟಿನ ಮೇಲೆಯೇ ಕಾಗದ ಇಟ್ಟು ಸಹಿ ಮಾಡಿಕೊಟ್ಟ. ಅವನಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

ಉಮೇದ್ವಾರರ ಪ್ರಮಾಣವಚನ ಆಸ್ಪತ್ರೆಯ ಮಂಚದ ಮೇಲೆ ನಡೆಯಿತು. ಬಲಗೈಗೆ ಸಲೈನ್ ಹಚ್ಚಿದ್ದರಿಂದ ಕಾಶೀರಾಮ ಎಡಗೈ ಎತ್ತಿದರು. ಎಡಗೈ ನಡೆಯುತ್ತದೆಯೇ ಎಂಬ ಬಗ್ಗೆ ಒಂದು ತಾಸು ಪತ್ರ ವ್ಯವಹಾರ ನಡೆದು, ರೋಗಿಯ ಮಟ್ಟಿಗೆ ಎಡಗೈಯನ್ನು ಬಲಗೈ ಎಂದು ಪರಿಗಣಿಸಲಾಯಿತು. ಗುರುವಾರ ನಾಮಪತ್ರ ಅಂಗೀಕಾರವಾಯಿತು.

ಶುಕ್ರವಾರ ಕೈಲಾಶ ಒಂದು ಕಿಲೋ ಸೇಬು ಹಿಡಿದು ಆಸ್ಪತ್ರೆಗೆ ಬಂದರು. ಅವರಿಗಿಂತ ಹತ್ತು ನಿಮಿಷ ಮೊದಲು ಬಂದಿದ್ದ ಬದ್ರೋದ್ದೀನ ತಮ್ಮ ಒಂದು ಕಿಲೋ ಸೇಬಿನೊಂದಿಗೆ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು.

"ಕಾಕಾ, ನಿಮ್ಮ ಸಲುವಾಗಿ ನನ್ನ ವೋಟ್ ಒಡೀತಾವರಿ. ನಾಮಪತ್ರ ವಾಪಸ್ ತಗೋರಿ," ಎಂದರು ಕೈಲಾಶ.

"ನನ್ನವೂ ಒಡೀತಾವರಿ," ಎಂದರು ಬದ್ರೋದ್ದೀನ. ಮೊದಲ ಸಲ ಇಬ್ಬರಿಗೂ ಒಮ್ಮತವಾಗಿತ್ತು.

"ತಗೋತೇನಪಾ," ಎಂದರು ಕಾಶೀರಾಮ, "ಸೋಮಾರ ದಾಟ್ಲಿ."

"ವಾಪಸ್ ತಗೋಳಾಕ ಶನಿವಾರ ಕಡೀ ದಿನ ಅದರಿ ಕಾಕಾ."

"ಹಂಗಾರ ಆಗಂಗಿಲ್ಲ. ಐತಾರ ನನ್ನ ಪ್ರಾರ್ಥನಿ ಅದ."

ಈ ಉತ್ತರದಿಂದ ಅವರು ಬಹಳ ಪಳಗಿದ ರಾಜಕಾರಣಿ ಎಂಬುದು ಇಬ್ಬರಿಗೂ ಖಾತ್ರಿಯಾಯಿತು. ಹಿಂದೆ ಯಾರಾದರೂ ದೊಡ್ಡವರಿದ್ದಾರೇನು ಎಂದು ಕೈಲಾಶ ಮೆಲ್ಲಗೆ ಕೇಳಿದರು. ಇದ್ದಾರೆ ಎಂದು ಕಾಶೀರಾಮ ಒಪ್ಪಿಕೊಂಡರು.

ಶನಿವಾರ ಅವರಿಗೆ ಹೊಲಿಗೆ ಯಂತ್ರದ ಚಿಹ್ನೆ ಸಿಕ್ಕಿತು. ಮಹಿಳಾ ಸಂಘದ ನಾಲ್ಕು ಹೊಲಿಗೆ ಯಂತ್ರಗಳಿಗೆ ಹೊದಿಕೆ ಹಾಕಿಸಿದೆ. ಅದೇ ಸಂಜೆ ಪಾಸ್ಟರ್ ಬರೆದ ಪ್ರಾರ್ಥನೆಯ ಪಠ್ಯವನ್ನು ಕೋಶಕ್ಕೆ ಒಯ್ದು ಕೊಟ್ಟೆ. ಪಾಸ್ಟರ್ ಅದನ್ನು ಕಾಶೀರಾಮ ಅವರಿಗಾಗಿ ಬರೆದಿದ್ದರು. ಆದೇಶದಂತೆ ಮೂವರಿಗೂ ಇದೇ ಪಠ್ಯವನ್ನು ಒಂದಕ್ಷರ ಬದಲಿಸದೆ ಓದತಕ್ಕದ್ದೆಂದು ಕೋಶದವರು ಷರಾ ಬರೆದು ಮಂಜೂರು ಮಾಡಿದರು.

ಭಾನುವಾರ ಚರ್ಚು ತುಂಬಿತ್ತು. ಕೈಲಾಶ ಮತ್ತು ಬದ್ರೋದ್ದೀನ ಮೊದಲ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತಿದ್ದರು. ಮೂರನೇ ಉಮೇದ್ವಾರರ ಜಾಗದಲ್ಲಿ ಕೌಸಲ್ಯಾಬಾಯಿ ಮೊಬೈಲ್ ಎತ್ತಿ ಹಿಡಿದಿದ್ದರು. ಅದರೊಳಗೆ ಆಸ್ಪತ್ರೆಯ ದಿಂಬಿನ ಮೇಲೆ ಕಾಶೀರಾಮ ಅವರ ಮುಖ ಕಾಣುತ್ತಿತ್ತು. ವಿಡಿಯೋ ಕಾಲ್‌ಗೆ ನಿಯಮವಿದೆಯೇ ಎಂದು ವಾಹೀದ ಸಾಹೇಬರು ಪುಟ ತಿರುವಿದರು. ವಿರುದ್ಧವಾಗಿ ಏನೂ ಸಿಗದಿದ್ದಾಗ ಸ್ಟಾಪ್‌ವಾಚು ಒತ್ತಿದರು.

ವರ್ಣಮಾಲೆಯ ಪ್ರಕಾರ ಮೊದಲ ಹೆಸರು ಕಾಶೀರಾಮ. "ತಂದೆಯೇ, ಕಾಶೀರಾಮ ಅವರನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ. ನಾಳೆ ಇವರ ಎದೆಯನ್ನು ತೆರೆಯುವ ಡಾಕ್ಟರ ಕೈ ನಡುಗದಿರಲಿ. ಇವರ ಹೆದರಿಕೆಯನ್ನು ತೆಗೆದುಬಿಡು. ಇವರಿಗೆ ಎಚ್ಚರ ಬರಲಿ, ಇವರು ತಮ್ಮ ಕಾಲ ಮೇಲೆ ನಡೆದು ಮನೆಗೆ ಬರಲಿ." ಮೊಬೈಲಿನೊಳಗೆ ಕಾಶೀರಾಮ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದರು. ಗುಂಡಿ ಯಂತ್ರದ ಲೆಕ್ಕದಲ್ಲಿ ಇನ್ನೂರ ನಲವತ್ತು ಆಮೆನ್ ಬಂದವು.

ನಂತರ ಕೈಲಾಶ. ನಾಳೆ ಅವರ ಎದೆಯನ್ನು ತೆರೆಯುವ ಡಾಕ್ಟರ ಕೈ ನಡುಗದಿರಲಿ ಎಂದು ಪಾಸ್ಟರ್ ಬೇಡಿಕೊಂಡರು. ಕೈಲಾಶ ತಮ್ಮ ಎದೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಬದ್ರೋದ್ದೀನ ಅವರ ಪಾಳಿ ಬರುವಷ್ಟರಲ್ಲಿ ಅವರು ಕರ್ಚೀಫಿನಿಂದ ಬೆವರು ಒರೆಸುತ್ತಿದ್ದರು. ತಮಗೂ ಎಚ್ಚರ ಬರಲಿ ಎಂದಾಗ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದವರು ಅವರೇ. ಹೊರಗೆ ಚಹಾ ಕುಡಿಯುವಾಗ ಒಬ್ಬರೂ ರಾಜಕೀಯ ಮಾತಾಡಲಿಲ್ಲ. ಇಬ್ಬರು ಉಮೇದ್ವಾರರೂ ಬಿಪಿ ಗುಳಿಗೆಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು, ಮರುವಾರ ಜೊತೆಯಾಗಿ ಹೋಗಿ ಇಸಿಜಿ ತೆಗೆಸಿಕೊಂಡು ಬಂದರು.

ಆಪರೇಷನ್ ಚೆನ್ನಾಗಿ ಆಯಿತು. ಕಾಶೀರಾಮ ಹನ್ನೊಂದನೇ ದಿನ ತಮ್ಮ ಕಾಲ ಮೇಲೆ ನಡೆದು ಮನೆಗೆ ಬಂದರು. ಚುನಾವಣೆಯಲ್ಲಿ ಅವರಿಗೆ ಸೊನ್ನೆ ಮತ ಬಿತ್ತು. ಸ್ವತಃ ಅವರಿಗೆ ಹಾಸಿಗೆ ಬಿಟ್ಟೇಳಲು ಆಗಿರಲಿಲ್ಲ. ಸೂಚಕ ಹಬೀಬನ ಮತವೂ ಬಿದ್ದಿರಲಿಲ್ಲ.

"ಗಲ್ಲಿ ನಳ ರಿಪೇರಿ ಮಾಡ್ಸಿದವರು ಬದ್ರೋದ್ದೀನ ಭಾಯಿರಿ," ಎಂದರು ಕೌಸಲ್ಯಾಬಾಯಿ. "ವೋಟ್ ಅವರಿಗೇ ಹಾಕೀನಿ. ಇವರದು ಎದಿ ಕೆಲಸ ಇತ್ತು, ಅದು ಆಗ್ಯದಲ್ಲರಿ."

ಈ ಸುದ್ದಿ ಜಿಲ್ಲೆಯಲ್ಲೆಲ್ಲ ಹರಡಿತು. ಮುಂದೆ ಭಾಲ್ಕಿಯಲ್ಲಿ ಚುನಾವಣೆ ಬಂದಾಗ ಒಂದೇ ವಾರ್ಡಿಗೆ ಇಪ್ಪತ್ತಾರು ನಾಮಪತ್ರ ಬಂದವು. ಅವುಗಳಲ್ಲಿ ಇಪ್ಪತ್ಮೂರು ಆಸ್ಪತ್ರೆಯಿಂದ. ಮೆಹಕರದ ಮುದುಕಿಯೊಬ್ಬರು ತಮ್ಮ ಊರಿನಲ್ಲಿ ಚುನಾವಣೆ ಯಾವಾಗ, ತಮ್ಮ ಮಂಡಿನೋವು ಬಹಳವಾಗಿದೆ ಎಂದು ತಹಸೀಲ್ ಕಚೇರಿಗೆ ಅರ್ಜಿ ಬರೆಸಿದರು. ಕೋಶವೂ ಸುಮ್ಮನೆ ಕೂರಲಿಲ್ಲ. ನಾಮಪತ್ರದಲ್ಲಿ "ಕಾಯಿಲೆಯ ವಿವರ" ಎಂಬ ಹೊಸ ಕಾಲಂ ಸೇರಿತು. ಕಾಯಿಲೆ ಇಲ್ಲದವರು ಸ್ಪರ್ಧಿಸಲು ಸೂಕ್ತ ಕಾರಣ ಬರೆಯಬೇಕಾಗಿತ್ತು.

ಕೊನೆಗೆ ಔರಾದದ ಚುನಾವಣೆ ಬಂತು. ಅಲ್ಲಿಯ ಚರ್ಚಿಗೆ ಅನುಭವಿ ಎಂದು ನನ್ನನ್ನು ಕರೆಸಿಕೊಂಡರು. ವಾಹೀದ ಸಾಹೇಬರು ಬಾಗಿಲಲ್ಲೇ ನನಗಾಗಿ ಕಾದಿದ್ದರು. ಕೈಯಲ್ಲಿ ಅಂಗೀಕಾರವಾದ ನಾಮಪತ್ರದ ನಕಲು. ಹೆಸರು ಅಕ್ತರಬೀ, ವಯಸ್ಸು ಎಪ್ಪತ್ನಾಲ್ಕು, ಕಾಯಿಲೆಯ ಕಾಲಂನಲ್ಲಿ ಕಿಡ್ನಿ.

"ನಮ್ಮ ಅಮ್ಮೀರಿ," ಎಂದರು. "ವಾರಕ್ಕ ಎರಡ ಸಲ ಡಯಾಲಿಸಿಸ್ ಅದ. ಮಸೀದ್ಯಾಗ ದುವಾ ಮಾಡ್ಸೀನ್ರಿ. ಆದ್ರ ಅವತ್ತ ನಿಮ್ಮ ಮಂದಿ ಆಮೆನ್ ಅಂದದ್ದು ನಾನೇ ಎಣಿಸೀನಲ್ರಿ. ಅಷ್ಟು ಮಂದಿ ನಮ್ಮ ಅಮ್ಮೀ ಹೆಸರ ತಗೊಂಡ್ರ ಛಲೋ ಅಂತ ಅನಸ್ತು. ಆದ್ರ ನಾನೇ ವೀಕ್ಷಕ ಇದ್ದೀನಿ. ನಡೀತದೇನ್ರಿ?"

ಉಮೇದ್ವಾರರ ಮಗ ವೀಕ್ಷಕನಾಗಬಾರದೆಂಬ ನಿಯಮ ಯಾವ ಸುತ್ತೋಲೆಯಲ್ಲೂ ಇಲ್ಲವೆಂದು ನಾನು ತಕ್ಷಣ ಹೇಳಿದೆ. ಇದೆ. ಏಳನೇ ಪುಟದಲ್ಲಿದೆ.

ಆ ಭಾನುವಾರ ಅಲ್ಲಿಯ ಪಾಸ್ಟರ್ ಅಕ್ತರಬೀ ಅವರ ಹೆಸರು ತೆಗೆದುಕೊಂಡಾಗ ವಾಹೀದ ಸಾಹೇಬರು ಎದ್ದು ನಿಂತರು. ನಲವತ್ತು ಸೆಕೆಂಡು ಆಯಿತು. ಹೆಬ್ಬೆರಳು ಸ್ಟಾಪ್‌ವಾಚಿನ ಗುಂಡಿಯ ಮೇಲೆಯೇ ಇತ್ತು, ಅವರು ಒತ್ತಲಿಲ್ಲ. ಪಾಸ್ಟರ್ ಒಮ್ಮೆ ಅವರ ಮುಖ ನೋಡಿ ಮಂಜೂರಾದ ಪಠ್ಯವನ್ನು ಮತ್ತೆ ಮೊದಲಿನಿಂದ ಓದಿದರು, ಆಮೇಲೆ ಪಠ್ಯದಲ್ಲಿ ಇಲ್ಲದ್ದನ್ನೂ ಹೇಳಿದರು. ಉಳಿದ ಹದಿನೆಂಟು ಉಮೇದ್ವಾರರೂ ತಲೆ ತಗ್ಗಿಸಿ ಕುಳಿತಿದ್ದರು, ಯಾರೂ ಗಡಿಯಾರ ನೋಡಲಿಲ್ಲ. ನನ್ನ ಕೈಗಡಿಯಾರದಲ್ಲಿ ಮೂರು ನಿಮಿಷದ ಮೇಲಾಗಿತ್ತು. ದಾಖಲೆ ಪುಸ್ತಕದಲ್ಲಿ ವಾಹೀದ ಸಾಹೇಬರು ನಲವತ್ತು ಸೆಕೆಂಡು ಎಂದು ಬರೆದರು. ಎಲ್ಲ ಉಮೇದ್ವಾರರ ಏಜೆಂಟರೂ ಸರಿಯಿದೆ ಎಂದು ಸಹಿ ಹಾಕಿದರು. ಸಾಕ್ಷಿಯ ಕಾಲಂನಲ್ಲಿ ನಾನು ಹಾಕಿದೆ.